ಹಾಳೆಯಲ್ಲಿ ಪಟೋರಕ್ಕೆ ಕಾಲಂ ಇಲ್ಲ

ಮೇಲೇರಲಿರುವ ಮ್ಯಾನೇಜರುಗಳನ್ನು ಸೇವೆಗೆಂದು ಹೊರದೇಶಕ್ಕೆ ಕಳಿಸುವ ಪದ್ಧತಿಗೆ ಹೆಸರು ತಂದದ್ದು ಐಬಿಎಂ. 2008ರಲ್ಲಿ ಶುರುವಾದ ಅವರ ಕಾರ್ಪೊರೇಟ್ ಸರ್ವಿಸ್ ಕೋರ್‌ನಲ್ಲಿ ಸಣ್ಣ ತಂಡ, ನಾಲ್ಕು ವಾರದ ವಾಸ, ಹೊರಡುವ ಮೊದಲು ಮೂರು ತಿಂಗಳ ತಯಾರಿ ಇರುತ್ತಿತ್ತು. ಆ ಮೂರು ತಿಂಗಳೇ ಅದರ ಜೀವ. ನಕಲು ಮಾಡುವವರು ಮೊದಲು ಕೈಬಿಡುವುದೂ ಅದನ್ನೇ.

ಕಾಸರಗೋಡಿನಿಂದ ನೋಡಿದರೆ ಇನ್ನೊಂದು ಕ್ರಮ ಕಾಣುತ್ತದೆ. ಕೇರಳ ಸರಕಾರದ ಬಡತನ ನಿವಾರಣೆ ಯೋಜನೆ ಕುಟುಂಬಶ್ರೀ 1998ರದ್ದು. ಅದರ ಅಯಲ್‌ಕೂಟವೆಂದರೆ ಹತ್ತಿಪ್ಪತ್ತು ಮನೆಯ ಹೆಂಗಸರ ಸಂಘ. ಇಲ್ಲಿ ಪಳಗಿದ ಹೆಂಗಸರೇ ಬಿಹಾರ, ಜಾರ್ಖಂಡ್‌ನಂಥ ಕಡೆ ಹೋಗಿ ಸಂಘದ ಕೆಲಸಕ್ಕೆ ನೆರವಾಗಿದ್ದಾರೆ. ಭಾಷೆ ಬೇರೆ, ಊಟ ಬೇರೆ. ಆದರೆ ಉಳಿತಾಯದ ಪುಸ್ತಕವನ್ನು ತಾವೇ ವರ್ಷಗಟ್ಟಲೆ ಬರೆದವರು. ಕಂಪನಿಯವರು ಸಲಹೆ ಕೊಡಲು ಹೋಗುತ್ತಾರೆ, ಇವರು ತಾವೇ ಮಾಡಿದ ಕೆಲಸವನ್ನು ತೋರಿಸಲು.

ಎಡವುವುದು ಎಲ್ಲಿ ಗೊತ್ತೇ? ಬದಿಯಡ್ಕದ ಕಡೆಯ ಒಂದು ಅಡಿಕೆ ಗೋದಾಮಿಗೆ ಪರದೇಶದ ಸ್ವಯಂಸೇವಕನೊಬ್ಬ ಬಂದು ಕಂಪ್ಯೂಟರಿನಲ್ಲಿ ದಾಸ್ತಾನಿನ ಹಾಳೆ ಮಾಡಿಕೊಟ್ಟ ಎನ್ನಿ. ಸೂತ್ರ, ಬಣ್ಣ ಎಲ್ಲ ಚಂದ. ಆದರೆ 'ಅಡಿಕೆ' ಎಂದು ಒಂದೇ ಕಾಲಂ! ಹೊಸತು, ಹಳತು, ಕೆಳದರ್ಜೆಯ ಪಟೋರ, ಕರಿಗೋಟು ಒಂದೊಂದಕ್ಕೂ ಬೇರೆ ದರ. ಅವನು ವಿಮಾನ ಹತ್ತಿದ ಮರುದಿನವೇ ಗುಮಾಸ್ತ ಹಳೆ ರಿಜಿಸ್ಟರ್ ತೆಗೆಯುತ್ತಾನೆ. ನಮ್ಮವರು ಆಫ್ರಿಕಾದ ಕಾಫಿ ಸೊಸೈಟಿಗೆ ಹೋದಾಗಲೂ ಆಗಬಹುದಾದ್ದು ಇದೇ.

ಹಾಗಾಗಿ ಸಮಸ್ಯೆ ಏನೆಂದು ಒಂದು ಪುಟದಲ್ಲಿ ಬರೆಯಬೇಕಾದವರು ನೆರವು ಪಡೆಯುವ ಸಂಸ್ಥೆಯವರು, ಕಳಿಸುವ ಕಂಪನಿಯಲ್ಲ. ಮೊದಲ ವಾರ ಬಂದವನ ಬಾಯಿಗೆ ಬೀಗ: ತೂಕದ ಹತ್ತಿರ ನಿಂತು, ಚೀಟಿ ಬರೆದು, ಚೀಲ ಎಣಿಸಲಿ. ಮ್ಯಾನೇಜರನ ದೊಡ್ಡಸ್ತಿಕೆ ಇಳಿಯುವುದೂ ಅಲ್ಲೇ. ಹತ್ತು ಉಪನ್ಯಾಸ ಕೇಳಿದರೂ ಇಳಿಯದು. ದುಭಾಷಿ ಆ ಸಂಸ್ಥೆಯ ಮೇಲಧಿಕಾರಿ ಆಗಬಾರದು, ಆದಲ್ಲಿ ಗುಮಾಸ್ತ ನಿಜ ಹೇಳುವುದಿಲ್ಲ. ಕೊನೆಯ ವಾರ ಕಂಪ್ಯೂಟರ್ ಗುಮಾಸ್ತನ ಕೈಯಲ್ಲೇ ಇರಲಿ, ಬಂದವನು ಕೈಕಟ್ಟಿ ನೋಡಲಿ. ಆರು ತಿಂಗಳ ಮೇಲೆ ಒಂದು ಫೋನ್: ಹಾಳೆ ಈಗ ಯಾರು ತುಂಬುತ್ತಿದ್ದಾರೆ?

ಇನ್ನು ದುಡ್ಡು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಶೇ. 2 ಸಿಎಸ್‌ಆರ್ (ಲಾಭದಲ್ಲಿ ಸಮಾಜಕ್ಕೆಂದು ತೆಗೆದಿಡುವ ಪಾಲು) ಲೆಕ್ಕಕ್ಕೆ ಭಾರತದ ಹೊರಗಿನ ಇಂಥ ಕೆಲಸ ಸೇರದು. ನೌಕರರು ದುಡಿದ ಗಂಟೆಗೆ ಬೆಲೆ ಕಟ್ಟಿ ತೋರಿಸುವಂತೆಯೂ ಇಲ್ಲ. ಆದ್ದರಿಂದ ಇದನ್ನು ತರಬೇತಿ ಖರ್ಚು ಎಂದೇ ಬರೆಯಲಿ, ನಾಲ್ಕು ವಾರ ಮ್ಯಾನೇಜರುಗಳಿಗೆ ಕಲಿಸಿದ ಆ ಗುಮಾಸ್ತನ ಸಂಬಳವನ್ನೂ ಅದಕ್ಕೇ ಸೇರಿಸಲಿ.