ಚುಂಬನಕ್ಕೆ ಮುನ್ನ ಒಂದು ಸ್ಯಾಂಡ್‌ವಿಚ್

ಕೊರಿಯನ್ ಪ್ರೇಮ ಧಾರಾವಾಹಿಯಲ್ಲಿ ಹುಡುಗಿ ಕೊನೆಗೆ ಯಾರಿಗೆ ಸಿಗುತ್ತಾಳೆ ಅಂತ ತಿಳಿಯಲು 16 ಕಂತು ಕಾಯಬೇಕಾಗಿಲ್ಲ. ಇಬ್ಬರು ಹುಡುಗರ ಕೈಯಲ್ಲಿರುವ ಕಾಫಿ ಕಪ್ ನೋಡಿ. ಅಂಗಡಿಯ ಹೆಸರು ಕ್ಯಾಮೆರಾ ಕಡೆ ತಿರುಗಿದ್ದರೆ ಅವನೇ ವರ. ಹೆಸರಿನ ಮೇಲೆ ಟೇಪ್ ಅಂಟಿಸಿದ್ದರೆ ಅವನು ಎರಡನೇ ಹೀರೊ, ಪಾಪ. ಮಳೆಯಲ್ಲಿ ಕೊಡೆ ಹಿಡಿಯುತ್ತಾನೆ, ಜ್ವರ ಬಂದಾಗ ಗಂಜಿ ತಂದುಕೊಡುತ್ತಾನೆ, ಆದರೂ ಪ್ರಯೋಜನವಿಲ್ಲ. ಅವನ ಗಂಜಿಗೆ ಪ್ರಾಯೋಜಕರಿಲ್ಲ.

ಇದೆಲ್ಲ ಕಾನೂನಿನ ಚೌಕಟ್ಟಿನಲ್ಲೇ ನಡೆಯುತ್ತದೆ ಅನ್ನುವುದೇ ತಮಾಷೆ. ದುಡ್ಡು ಪಡೆದು ಕಥೆಯೊಳಗೇ ಸರಕು ತೋರಿಸಲು ದಕ್ಷಿಣ ಕೊರಿಯಾ 2010ರಲ್ಲಿ ಒಪ್ಪಿಗೆ ಕೊಟ್ಟಿತು. ಆಗ ಹಾಕಿದ ಲೆಕ್ಕ ಹೀಗಿತ್ತು: ಕಂತಿನ ಅವಧಿಯಲ್ಲಿ ಶೇಕಡ 5ಕ್ಕಿಂತ ಹೆಚ್ಚು ಹೊತ್ತು ತೋರಿಸಬಾರದು, ಪರದೆಯ ಕಾಲು ಭಾಗಕ್ಕಿಂತ ದೊಡ್ಡದಾಗಿ ಕಾಣಬಾರದು. 70 ನಿಮಿಷದ ಕಂತಾದರೆ ಮೂರೂವರೆ ನಿಮಿಷ. ಆಮೇಲೆ ಮಿತಿ ಇನ್ನಷ್ಟು ಸಡಿಲವಾಯಿತು. ಜೊತೆಗೆ ಇನ್ನೊಂದು ಷರತ್ತು: ಪಾತ್ರಗಳು ಸರಕನ್ನು ಹೊಗಳಿ, ಕೊಳ್ಳಿ ಎಂದು ಹುರಿದುಂಬಿಸುವಂತಿಲ್ಲ.

ಸರಕಾರ ಚಾಪೆ ಕೆಳಗೆ ತೂರಿದರೆ ಚಿತ್ರಕಥೆಗಾರರು ರಂಗೋಲಿ ಕೆಳಗೆ ತೂರಿದರು. 2020ರ ‘ದಿ ಕಿಂಗ್: ಎಟರ್ನಲ್ ಮೊನಾರ್ಕ್’ನಲ್ಲಿ ಸಮಾನಾಂತರ ಲೋಕದಿಂದ ಬಂದ ಚಕ್ರವರ್ತಿಯೊಬ್ಬನಿದ್ದಾನೆ. ಎರಡು ಲೋಕಗಳು ಅಲ್ಲಾಡುತ್ತಿರುವಾಗ ಆತ ರೆಡಿಮೇಡ್ ಕಾಫಿ ಗುಟುಕರಿಸಿ, ಅರಮನೆ ಕಾಫಿಗಿಂತ ಇದೇ ವಾಸಿ, ಮೊದಲ ರುಚಿ ಗಾಢ, ಕೊನೆಯದು ಸ್ವಚ್ಛ ಎಂಬ ಅರ್ಥದಲ್ಲಿ ತೀರ್ಪು ಕೊಡುತ್ತಾನೆ. ಕಂಪನಿಯ ಹೆಸರು ಮಾತ್ರ ಎತ್ತುವುದಿಲ್ಲ. ರಾಜನೀತಿ ಅಂದರೆ ಇದೇ.

ಪ್ರೇಮಕಥೆಗೆ ಸ್ಯಾಂಡ್‌ವಿಚ್ ಸೇರಿಸುವ ವಿಧಾನವಂತೂ ಈಗ ಶಾಸ್ತ್ರವಾಗಿದೆ. ಮೊದಲು ಇಬ್ಬರೂ ಜಗಳವಾಡಬೇಕು. ಆಮೇಲೆ, ಸೋಲ್ ನಗರದ ಅಷ್ಟೂ ಹೋಟೆಲು ಬಿಟ್ಟು, ಸಬ್‌ವೇ ಅಂಗಡಿಯಲ್ಲೇ ಭೇಟಿಯಾಗಬೇಕು. ಹೊರಗಿನ ಬೋರ್ಡಿಗೆ ಎರಡು ಸೆಕೆಂಡ್. ಒಳಗೆ ಆರ್ಡರ್: ಬ್ರೆಡ್ ಯಾವುದು, 15 ಸೆಂಟಿಮೀಟರೋ 30 ಸೆಂಟಿಮೀಟರೋ, ಚೀಸ್ ಯಾವುದು, ಬಿಸಿ ಮಾಡಬೇಕೋ ಬೇಡವೋ, ತರಕಾರಿ, ಸಾಸ್. ಎಂಟು ಕಂತಿನಿಂದ ‘ನನಗೆ ನೀನು ಇಷ್ಟ’ ಅಂತ ಹೇಳಲಾಗದೆ ಒದ್ದಾಡುತ್ತಿರುವ ಹುಡುಗಿ ಈ ಆರೂ ಪ್ರಶ್ನೆಗೆ ಉಸಿರು ತೆಗೆದುಕೊಳ್ಳದೆ ಉತ್ತರಿಸುತ್ತಾಳೆ. ಮೇಜಿಗೆ ಬಂದ ಮೇಲೆ ಸುತ್ತಿದ ಕಾಗದವನ್ನು ಅಕ್ಷರ ಮುಚ್ಚದ ಹಾಗೆ ಮಡಚಬೇಕು, ಒಂದೇ ಒಂದು ಕಚ್ಚು ಕಚ್ಚಬೇಕು, ಆಮೇಲೆ ಅಳಬೇಕು. ಅತ್ತು ಮುಗಿದ ಮೇಲೆ ಬ್ಯಾಗಿನಿಂದ ಗುಲಾಬಿ ಬಣ್ಣದ ಬಾಮ್ ಕಡ್ಡಿ ತೆಗೆದು ಕಣ್ಣಿನ ಕೆಳಗೆ, ತುಟಿಯ ಬದಿಗೆ, ಕೊನೆಗೆ ಕುತ್ತಿಗೆಗೆ ತಿಕ್ಕಬೇಕು. ಮೂರು ಕಡೆ ಪಾರ್ಟ್‌ಟೈಮ್ ದುಡಿದು ತಾರಸಿಯ ಒಂಟಿ ಕೋಣೆಯ ಬಾಡಿಗೆ ಕಟ್ಟಲಾಗದವಳ ಹತ್ತಿರ ಮಡಚುವ ಫೋನ್ ಎಲ್ಲಿಂದ ಬಂತು ಅಂತ ಮಾತ್ರ ಕೇಳಬಾರದು.

ಯಡವಟ್ಟಾಗುವುದು ಎಲ್ಲಿ ಅಂದರೆ, ಇಷ್ಟು ದೃಶ್ಯ ಅಂತ ಒಪ್ಪಂದವಾಗಿರುತ್ತದೆ, ಆದರೆ ಕಥೆಯಲ್ಲಿ ಅಷ್ಟು ಜಾಗ ಇರುವುದಿಲ್ಲ. ಹಾಗಾಗಿ ಮೂಗಿಗಿಂತ ಮೂಗುತಿ ಭಾರ. 2021ರ ‘ಹೋಮ್‌ಟೌನ್ ಚಾ-ಚಾ-ಚಾ’ದ ನಾಯಕಿ ದಂತವೈದ್ಯೆ. ಆ ಧಾರಾವಾಹಿಯಲ್ಲಿ ಓಡಾಡಿದ ಸರಕು ಇಂಡೊನೇಷ್ಯಾದ ಕೋಪಿಕೊ ಕಾಫಿ ಮಿಠಾಯಿ. ಹಲ್ಲು ಹುಳುಕಾಗಿಸಿ ರೋಗಿಗಳನ್ನು ಬರಮಾಡಿಕೊಳ್ಳುವ ಇಷ್ಟು ಪ್ರಾಮಾಣಿಕ ಕ್ಲಿನಿಕ್ ಬೇರೆಲ್ಲೂ ಕಾಣಲಿಲ್ಲ. ಅದೇ ವರ್ಷ ‘ವಿನ್ಸೆಂಜೊ’ದಲ್ಲಿ ಬಿಬಿಂಬಾಪ್ ತಿನ್ನುವ ದೃಶ್ಯ ಬಂತು. ಅಪ್ಪಟ ಕೊರಿಯಾದ ಊಟ, ಡಬ್ಬಿ ಮಾತ್ರ ಚೀನಾದ ಕಂಪನಿಯದು. ಪ್ರತಿ ಕಂತಿನಲ್ಲೂ ಕೊಲೆ ನೋಡಿ ಸುಮ್ಮನಿದ್ದ ವೀಕ್ಷಕರು ಅನ್ನದ ಡಬ್ಬಿಗೆ ರೊಚ್ಚಿಗೆದ್ದರು, ವಾಹಿನಿಯವರು ಆ ದೃಶ್ಯವನ್ನೇ ಕಿತ್ತುಹಾಕಿದರು.

ಕಾರಿನ ವಿಷಯಕ್ಕೆ ಬಂದರೆ 2016ರ ‘ಡಿಸೆಂಡೆಂಟ್ಸ್ ಆಫ್ ದಿ ಸನ್’ ಇವತ್ತಿಗೂ ಮುಂದಿದೆ. ಸೈನಿಕ ಹುಂಡೈ ಕಾರು ಓಡಿಸುತ್ತಿದ್ದಾನೆ, ಪಕ್ಕದಲ್ಲಿ ಪ್ರೇಯಸಿ. ಗುಂಡಿ ಒತ್ತುತ್ತಾನೆ, ಸ್ಟಿಯರಿಂಗ್ ಬಿಡುತ್ತಾನೆ, ಅವಳ ಕಡೆ ಬಾಗಿ ಚುಂಬಿಸುತ್ತಾನೆ. ಕಾರು ತಾನೇ ಹೋಗುತ್ತದೆ. ಚಾಲಕನಿಗೆ ನೆರವಾಗುವ ಸೌಲಭ್ಯಕ್ಕೂ ಚಾಲಕನೇ ಬೇಡದ ಕಾರಿಗೂ ವ್ಯತ್ಯಾಸವಿದೆ ಎಂಬುದನ್ನು ಪ್ರೇಮಿಗಳಿಗೆ ಯಾರೂ ಹೇಳಿರಲಿಲ್ಲ. ಅಂದಹಾಗೆ, ಪ್ರಾಯೋಜಕರ ಕಾರಿಗೆ ಅಪಘಾತ ಮಾಡುವ ಭಾಗ್ಯವಿಲ್ಲ. ಅಡ್ಡರಸ್ತೆಯಿಂದ ನುಗ್ಗಿ ನಾಯಕನ ನೆನಪಿನ ಶಕ್ತಿ ಕಿತ್ತುಕೊಳ್ಳುವ ಆ ಬಿಳಿ ಲಾರಿಯ ಕಂಪನಿ ಯಾವುದೆಂದು ಯಾರಿಗಾದರೂ ಕಂಡಿದೆಯೇ?

ತೋರಿಸುವುದರಲ್ಲಿ ಇಷ್ಟು ಧಾರಾಳವಾಗಿರುವ ಟಿವಿಯೇ ಮುಚ್ಚುವುದರಲ್ಲಿ ಮಹಾ ಮಡಿ. ಸಿಗರೇಟು ಮಸುಕು. ಕುತ್ತಿಗೆಗೆ ಹಿಡಿದ ಚಾಕುವೂ ಮಸುಕು. ಖಳನಾಯಕ ಬೂದು ಮೋಡವೊಂದನ್ನು ಹಿಡಿದು ಬೆದರಿಸುತ್ತಾನೆ, ನಾಯಕಿ ಮೋಡಕ್ಕೆ ಹೆದರಿ ನಡುಗುತ್ತಾಳೆ. ಅವಳ ಮುಂದಿನ ಮೇಜಿನ ಮೇಲಿರುವ ಸೋಜು ಮದ್ಯದ ಬಾಟಲಿಗಳು ಮಾತ್ರ ಹಸಿರಾಗಿ ಫಳಫಳ ಹೊಳೆಯುತ್ತವೆ.

ಇನ್ನು ಅರ್ಧಕ್ಕೇ ಹೆಪ್ಪುಗಟ್ಟುವ ಚುಂಬನ. 2021ರ ಜುಲೈವರೆಗೆ ಕೆಬಿಎಸ್, ಎಂಬಿಸಿ, ಎಸ್‌ಬಿಎಸ್‌ನಂಥ ವಾಹಿನಿಗಳು ಕಾರ್ಯಕ್ರಮದ ನಡುವೆ ಜಾಹೀರಾತು ಹಾಕುವಂತಿರಲಿಲ್ಲ. ಅವರು ಕಂತನ್ನೇ ಎರಡು ತುಂಡು ಮಾಡಿ, ಒಂದೊಂದನ್ನೂ ಪೂರ್ತಿ ಕಂತು ಎಂದು ಎಣಿಸಿ, ಸಂದಿಯಲ್ಲಿ ಜಾಹೀರಾತು ತುರುಕಿದರು. 16 ಕಂತು 32 ಆಯಿತು, ಕಥೆ ಇದ್ದಷ್ಟೇ ಇತ್ತು. ಬೆಂಗಳೂರಿನಲ್ಲಿ ಕೂತು ಸಬ್‌ಟೈಟಲ್ ಓದುವವರು ಆ ನಡುವಿನ ಸ್ತಂಭನವನ್ನು ನಿರ್ದೇಶಕರ ಕಾವ್ಯ ಎಂದುಕೊಂಡು ಕಣ್ಣೊರೆಸಿಕೊಂಡರು.

ಕೊನೆಯ ಕಂತಿನಲ್ಲಿ ಬಾಕಿ ಉಳಿದ ಕಪ್ಪು, ಕಡ್ಡಿ, ಡಬ್ಬಿ ಎಲ್ಲದರ ಲೆಕ್ಕ ಚುಕ್ತಾ ಆಗುತ್ತದೆ. ಜೋಡಿ ಯಾಕೋ ಬೇರೆಯಾಗುತ್ತದೆ, ಪರದೆ ಕಪ್ಪಾಗಿ ‘ಒಂದು ವರ್ಷದ ನಂತರ’ ಎಂಬ ಅಕ್ಷರ ಮೂಡುತ್ತದೆ, ಮತ್ತೆ ಸೇರುತ್ತಾರೆ. ಆ ಒಂದು ವರ್ಷ ಅವರು ಏನು ತಿಂದರು, ಏನು ಕುಡಿದರು ಅಂತ ತೋರಿಸುವುದಿಲ್ಲ. ಅದಕ್ಕೆ ಯಾರೂ ದುಡ್ಡು ಕೊಟ್ಟಿರಲಿಲ್ಲ.