ನೀರಿನ ಅಳತೆ ಬಿಡಿ, ಜಾತಿ ಮುಳುಗಿತಾ ಹೇಳಿ

ದೀಕ್ಷಾಸ್ನಾನದ, ಅಂದರೆ ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರದ, ಮಾತು ಬಂದರೆ ಸಾಕು, ನಮ್ಮ ಕ್ರೈಸ್ತರಲ್ಲಿ ಜಗಳ ಶುರು. ಪೂರ್ತಿ ಮುಳುಗಿಸಬೇಕು ಅಂತ ಒಬ್ಬರು, ತಲೆ ಮೇಲೆ ಸುರಿದರೂ ಸಾಕು ಅಂತ ಇನ್ನೊಬ್ಬರು, ಎಳೆಗೂಸಿಗೆ ಏನು ಗೊತ್ತು ಅಂತ ಮತ್ತೊಬ್ಬರು. ಮೊದಲ ಕ್ರೈಸ್ತರ ಕಾಲದ 'ದಿದಾಖೆ' ಎಂಬ ಪುಟ್ಟ ಕೈಪಿಡಿಯಲ್ಲೇ ನೀರಿನ ಪ್ರಶ್ನೆಗೆ ಉತ್ತರವಿದೆ: ಹರಿಯುವ ನೀರಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಬೇರೆ ನೀರು, ಅದೂ ಸಾಲದಿದ್ದರೆ ತಲೆಗೆ ಮೂರು ಸಲ ಸುರಿಯಿರಿ. ಆದರೂ ಜಗಳ ನಿಲ್ಲಲಿಲ್ಲ. ದೊಡ್ಡವರಿಗೆ ಮತ್ತೆ ದೀಕ್ಷಾಸ್ನಾನ ಕೊಡುವ ಪಂಗಡದ ಫೆಲಿಕ್ಸ್ ಮಾಂಜ್‌ನನ್ನು 1527ರಲ್ಲಿ ಜ್ಯೂರಿಕ್‌ನ ನದಿಯಲ್ಲಿ ಮುಳುಗಿಸಿ ಕೊಂದರು. ಕೊಂದವರೂ ಕ್ರೈಸ್ತರೇ!

ನನಗೆ ಕಾಡುವುದು ಬೇರೆ ಪ್ರಶ್ನೆ. ಬೈಬಲಿನಲ್ಲಿರುವ ಪತ್ರಗಳಲ್ಲಿ, ರೋಮಾಪುರದ ಕ್ರೈಸ್ತರಿಗೆ ಬರೆಯುವಾಗ ಅಪೊಸ್ತಲ ಪೌಲ ದೀಕ್ಷಾಸ್ನಾನವನ್ನು ಸಾವಿಗೆ, ಹೂಣುವುದಕ್ಕೆ ಸೇರಿಸಿ ಹೇಳುತ್ತಾನೆ. ಹಳಬ ಸತ್ತ, ಎದ್ದವನು ಹೊಸಬ. ಗಲಾತ್ಯದವರಿಗಂತೂ ನೇರವಾಗಿಯೇ ಹೇಳಿದ: ದೀಕ್ಷಾಸ್ನಾನವಾದವರಲ್ಲಿ ಯೆಹೂದ್ಯ-ಗ್ರೀಕ, ಆಳು-ಒಡೆಯ, ಗಂಡು-ಹೆಣ್ಣು ಎಂಬ ಭೇದ ಇಲ್ಲ. ಪೌಲ ನಮ್ಮ ಕಡೆಯವನಾಗಿದ್ದರೆ ಅಲ್ಲಿ ಯಾವ ಹೆಸರುಗಳು ಇರುತ್ತಿದ್ದವು ಅಂತ ನಾನು ಹೇಳಬೇಕೇ?

ಒಂದು ಕಾಲಕ್ಕೆ ಇದು ಬರೀ ಮಾತಾಗಿರಲಿಲ್ಲ. ಮಂಗಳೂರಿನಲ್ಲಿ 1844ರಲ್ಲಿ ಸಾರಸ್ವತ ಬ್ರಾಹ್ಮಣರ ಹುಡುಗ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದು ಹೆರ್ಮನ್ ಕೌಂಡಿನ್ಯನಾದಾಗ ಊರೇ ಗದ್ದಲವೆದ್ದಿತ್ತು. ಆಗ ಆ ನೀರಿಗಿಳಿದವರ ಪಾಲಿಗೆ ಮನೆ, ಕಸುಬು, ನೆಂಟರಿಷ್ಟರು ಎಲ್ಲವೂ ಹೋದಂತೆಯೇ. ಹಾಗೆ ಬೀದಿಗೆ ಬಿದ್ದವರ ಹೊಟ್ಟೆಪಾಡಿಗೆ ಸ್ವಿಟ್ಜರ್ಲೆಂಡಿನ ಧರ್ಮಪ್ರಚಾರ ಸಂಸ್ಥೆ ಬಾಸೆಲ್ ಮಿಶನ್ ಮೊದಲು ನೇಯ್ಗೆ, ಆಮೇಲೆ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಬೇರೆ ಬೇರೆ ಜಾತಿಯಿಂದ ಬಂದವರು ಒಂದೇ ಮಣ್ಣು ತುಳಿದರು.

ಈಗ? ಮಗುವಿಗೆ ಬಿಳಿ ಫ್ರಾಕು, ಮೂರಂತಸ್ತಿನ ಕೇಕು, ಹಾಲ್‌ನಲ್ಲಿ ಬಿರಿಯಾನಿ. ಬಿರಿಯಾನಿ ಬಗ್ಗೆ ನನ್ನ ತಕರಾರಿಲ್ಲ. "ಸೈತಾನನನ್ನೂ ಅವನ ಕೆಲಸಗಳನ್ನೂ ಬಿಟ್ಟುಬಿಡುತ್ತೀರಾ?" ಅಂತ ಸಭಾಪಾಲಕರು, ಅಂದರೆ ಪಾದ್ರಿಗಳು, ಕೇಳುತ್ತಾರೆ. ಕ್ಯಾಮೆರಾ ಕಡೆ ಒಂದು ಕಣ್ಣಿಟ್ಟೇ ಹೆತ್ತವರು "ಬಿಟ್ಟುಬಿಡುತ್ತೇವೆ" ಅನ್ನುತ್ತಾರೆ. ಅರ್ಧ ಗಂಟೆ ಕಳೆದು ಅದೇ ಮನೆಯ ದೊಡ್ಡಮ್ಮ ಊಟದ ಸಾಲಿನಲ್ಲಿ ನನ್ನ ಪಕ್ಕ ಕೂತು ಇನ್ನೊಂದು ಸಂಬಂಧದ ಮಾತು ತೆಗೆದರು. "ಹುಡುಗ ಇಂಜಿನಿಯರ್ ಕಣಮ್ಮ, ಕುಡಿತ ಗಿಡಿತ ಏನಿಲ್ಲ. ಆದ್ರೆ ಅವ್ರು ಮೊದ್ಲು ಯಾವ ಜನ ಅಂತ ಗೊತ್ತಾಗ್ಲಿಲ್ಲ." ತಲೆಮಾರುಗಳ ಹಿಂದೆ ಹೂಣಿಟ್ಟ ಹೆಣವನ್ನು ಅಗೆದು ತಂದು ಪಂಕ್ತಿಯಲ್ಲಿ ಕೂರಿಸಿದ ಹಾಗಾಯಿತು.

ಇತ್ತ ಸರ್ಕಾರದ ಲೆಕ್ಕವೇ ಬೇರೆ. ಯಾರನ್ನು ಪರಿಶಿಷ್ಟ ಜಾತಿ ಎಂದು ಎಣಿಸಬೇಕು ಅಂತ ಹೇಳುವ 1950ರ ಆದೇಶಕ್ಕೆ 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ದಲಿತ ಕ್ರೈಸ್ತರು ಇವತ್ತಿಗೂ ಹೊರಗೇ. "ನಿಮ್ಮ ಧರ್ಮದಲ್ಲಿ ಜಾತಿ ಇಲ್ಲವಲ್ಲ" ಅನ್ನುವುದು ಹಳೆಯ ವಾದ. ಅದಕ್ಕೆ ಪ್ರಾಮಾಣಿಕ ಉತ್ತರ "ಇದೆ ಸ್ವಾಮಿ, ಬೆಂಚಿನಲ್ಲಿ ಇದೆ, ಮದುವೆಯಲ್ಲಿ ಇದೆ, ಕೆಲವು ಕಡೆ ಸಮಾಧಿಯಲ್ಲೂ ಇದೆ" ಅನ್ನುವುದು. ಹಾಗೆ ಹೇಳಿಕೊಳ್ಳಲು ನಮಗೆ ನಾಚಿಕೆ. ಆ ನಾಚಿಕೆಯ ಬೆಲೆ ತೆರುವವರು ದಲಿತ ಕ್ರೈಸ್ತರು.

ಸಭಾಪಾಲಕರಲ್ಲಿ ನನ್ನದೊಂದು ಕೋರಿಕೆ. ಸೈತಾನನ ಪ್ರಶ್ನೆಯ ಜೊತೆಗೆ ಹೆತ್ತವರಿಗೆ ಇದನ್ನೂ ಕೇಳಿ: ಈ ಮಗು ದೊಡ್ಡದಾಗಿ ಇದೇ ಸಭೆಯ ಯಾವ ಮನೆಯವರನ್ನು ಮೆಚ್ಚಿಕೊಂಡರೂ ಮದುವೆ ಮಾಡಿಕೊಡುತ್ತೀರಾ? ಹಾಲ್ ಬುಕ್ ಮಾಡುವ ಮೊದಲೇ ಕೇಳಿಬಿಡಿ.