ವಯಸ್ಕ ಮಹಿಳೆಯರ ಕಾಲೇಜು ಎಲ್ಲರದಾದದ್ದು ಸರಿಯೇ? ಲೂಸಿ ಕ್ಯಾವೆಂಡಿಶ್: ಪರ-ವಿರೋಧ

ಕೇಂಬ್ರಿಜ್ ವಿಶ್ವವಿದ್ಯಾಲಯದ ಲೂಸಿ ಕ್ಯಾವೆಂಡಿಶ್ ಕಾಲೇಜು ಹುಟ್ಟಿದ್ದು 1965ರಲ್ಲಿ. ಐದು ದಶಕಕ್ಕೂ ಹೆಚ್ಚು ಕಾಲ ಅಲ್ಲಿ ಮಹಿಳೆಯರಿಗೆ ಮಾತ್ರ ಪ್ರವೇಶ, ಅದೂ 21 ವರ್ಷ ತುಂಬಿದವರಿಗೆ. 2019ರ ಮಾರ್ಚ್‌ನಲ್ಲಿ ಕಾಲೇಜು ಈ ಎರಡೂ ನಿಯಮಗಳನ್ನು ಕೈಬಿಡುವುದಾಗಿ ಪ್ರಕಟಿಸಿತು. 2021ರಿಂದ ಹದಿನೆಂಟರ ಹುಡುಗ ಹುಡುಗಿಯರೂ ಅಲ್ಲಿ ಓದುತ್ತಿದ್ದಾರೆ.

ಪರ: ಬದಲಾದದ್ದು ನಿಯಮ, ಉದ್ದೇಶವಲ್ಲ

ಈ ಕಾಲೇಜನ್ನು ಯಾರಿಗಾಗಿ ಕಟ್ಟಿದರು ಎಂಬುದನ್ನು ಮೊದಲು ನೋಡಬೇಕು. ಕೇಂಬ್ರಿಜ್‌ನ ಮಹಿಳಾ ಕಾಲೇಜುಗಳಾದ ಗರ್ಟನ್ 1869ರಲ್ಲಿ, ನ್ಯೂನಮ್ 1871ರಲ್ಲಿ ಶುರುವಾದವು. 1881ರಿಂದ ಹೆಣ್ಣುಮಕ್ಕಳು ‘ಟ್ರೈಪಾಸ್’ ಎಂಬ ಅಲ್ಲಿನ ಪದವಿ ಪರೀಕ್ಷೆ ಬರೆಯಬಹುದಿತ್ತು. ಆದರೆ ಗಂಡಸರಿಗೆ ಸಮನಾದ ಪದವಿ ಮತ್ತು ವಿಶ್ವವಿದ್ಯಾಲಯದ ಸದಸ್ಯತ್ವಕ್ಕೆ ಅವರು 1948ರವರೆಗೆ ಕಾಯಬೇಕಾಯಿತು. ಆಮೇಲೂ ಒಂದು ತೊಡಕು ಉಳಿಯಿತು. ಕೇಂಬ್ರಿಜ್‌ನಲ್ಲಿ ವಿಭಾಗದಲ್ಲಿ ಪಾಠ ಮಾಡುವ ಕೆಲಸ ಬೇರೆ, ಕಾಲೇಜಿನ ಫೆಲೋ ಆಗಿರುವುದು ಬೇರೆ. ಕೂರಲು ಕೋಣೆ, ಊಟದ ಮೇಜು, ಮಾರ್ಗದರ್ಶನಕ್ಕೆ ವಿದ್ಯಾರ್ಥಿಗಳು, ಕಾಲೇಜಿನ ಆಡಳಿತದಲ್ಲಿ ಮಾತು, ಇವೆಲ್ಲ ಸಿಗುವುದು ಫೆಲೋ ಆದವರಿಗೆ. ಪುರುಷರ ಕಾಲೇಜುಗಳು ಮಹಿಳೆಯರನ್ನು ಫೆಲೋ ಮಾಡಿಕೊಳ್ಳುತ್ತಿರಲಿಲ್ಲ. 1954ರಲ್ಲಿ ನ್ಯೂ ಹಾಲ್ ಬಂದ ಮೇಲೂ ಮಹಿಳಾ ಕಾಲೇಜುಗಳು ಮೂರೇ. ಹೀಗಾಗಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಎಷ್ಟೋ ಮಹಿಳೆಯರಿಗೆ ತಮ್ಮದೆನ್ನುವ ಕಾಲೇಜೇ ಇರಲಿಲ್ಲ.

ಅಂಥವರು 1950ರ ದಶಕದಲ್ಲಿ ಒಟ್ಟಿಗೆ ಊಟಕ್ಕೆ ಸೇರಲಾರಂಭಿಸಿದರು. ಆ ಕೂಟಕ್ಕೆ ‘ಡೈನಿಂಗ್ ಗ್ರೂಪ್’ ಎಂಬ ಹೆಸರೇ ನಿಂತಿತು. ಪ್ರಾಣಿಶಾಸ್ತ್ರಜ್ಞೆ ಆನಾ ಬಿಡರ್, ಮಧ್ಯಯುಗದ ಇತಿಹಾಸ ಓದಿಕೊಂಡ ಕ್ಯಾಥ್ಲೀನ್ ವುಡ್-ಲೆಗ್, ಕಂಪ್ಯೂಟರಿನಿಂದ ಭಾಷೆಯನ್ನು ಅರಿಯುವ ಸಂಶೋಧನೆಗೆ ಬಹಳ ಮೊದಲೇ ಕೈಹಾಕಿದ ಮಾರ್ಗರೆಟ್ ಬ್ರೇತ್‌ವೇಟ್ ಮುಂದಾಳುಗಳು. ಕಾಲೇಜಿಗೆ ಇಟ್ಟ ಹೆಸರು ಮಾರ್ಗರೆಟ್ ಅವರ ತಾಯಿಯ ಸೋದರತ್ತೆ ಲೂಸಿ ಕ್ಯಾವೆಂಡಿಶ್ ಅವರದು. ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ದುಡಿದಾಕೆ. ಆನಾ ಬಿಡರ್ ಮೊದಲ ಅಧ್ಯಕ್ಷೆಯಾದರು. ಪದವಿ ವಿದ್ಯಾರ್ಥಿನಿಯರು ಬಂದದ್ದು 1972ರಲ್ಲಿ. ಅಂದರೆ ‘ವಯಸ್ಕ ಮಹಿಳೆಯರ ಪದವಿ ಕಾಲೇಜು’ ಎಂಬುದು ಅಡಿಪಾಯದ ಕಲ್ಲಲ್ಲ. ವಿಶ್ವವಿದ್ಯಾಲಯ ಯಾರನ್ನು ಹೊರಗಿಟ್ಟಿದೆ ಎಂದು ಹುಡುಕಿ ಅವರಿಗೆ ಜಾಗ ಮಾಡುವುದು ಇಲ್ಲಿಯ ಮೂಲ ಕೆಲಸ. ಆ ಪಟ್ಟಿ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ.

ಬದಲಾಗಿಯೂ ಇದೆ. ಚರ್ಚಿಲ್, ಕ್ಲೇರ್, ಕಿಂಗ್ಸ್ ಕಾಲೇಜುಗಳು 1972ರಲ್ಲೇ ಹೆಣ್ಣುಮಕ್ಕಳನ್ನು ಸೇರಿಸಿಕೊಂಡವು. ಕೊನೆಯದಾಗಿ ಮ್ಯಾಗ್ಡಲೀನ್ 1988ರಲ್ಲಿ ಒಪ್ಪಿತು. ಈಗ ಮಹಿಳೆಗೆ ಮುಚ್ಚಿದ ಕಾಲೇಜು ಕೇಂಬ್ರಿಜ್‌ನಲ್ಲಿ ಒಂದೂ ಇಲ್ಲ.

ಇನ್ನು ಖರ್ಚಿನ ಲೆಕ್ಕ. ನಮ್ಮಲ್ಲಿನಂತೆ ಅಲ್ಲಿ ಸೀಟು ಹಂಚಿ ಕಾಲೇಜಿಗೆ ಕಳಿಸುವ ಪದ್ಧತಿಯಿಲ್ಲ. ಪ್ರತಿ ಕಾಲೇಜೂ ಸ್ವತಂತ್ರ ಸಂಸ್ಥೆ. ಅರ್ಜಿ ನೋಡುವುದು, ಸಂದರ್ಶನ, ವಸತಿ, ಖರ್ಚು ಎಲ್ಲವೂ ಅದರದೇ ಹೊಣೆ. ಒಂದು ವಿಷಯಕ್ಕೆ ಇಬ್ಬರಿರಲಿ, ಇಪ್ಪತ್ತು ಜನರಿರಲಿ, ಆ ವಿಷಯಕ್ಕೊಬ್ಬ ಅಧ್ಯಯನ ನಿರ್ದೇಶಕರು ಬೇಕೇ ಬೇಕು. ಒಬ್ಬರಿಂದ ಮೂವರನ್ನು ಕೂರಿಸಿಕೊಂಡು ನಡೆಸುವ ‘ಸೂಪರ್ವಿಷನ್’ ಪಾಠಕ್ಕೆ ಗಂಟೆ ಲೆಕ್ಕದಲ್ಲಿ ಹಣ ಕೊಡಬೇಕು. ಶತಮಾನಗಳ ಆಸ್ತಿಯಿರುವ ಟ್ರಿನಿಟಿಗೆ ಇದು ಭಾರವಲ್ಲ. ಪೂರ್ಣ ಕಾಲೇಜಿನ ರಾಯಲ್ ಚಾರ್ಟರ್ (ರಾಜಮನ್ನಣೆಯ ಸನ್ನದು) ಸಿಕ್ಕಿದ್ದೇ 1997ರಲ್ಲಿ ಎಂಬಂಥ ಸಂಸ್ಥೆಗೆ ಸೀಟು ಖಾಲಿ ಉಳಿದರೆ ಕಷ್ಟ.

ಸೀಟು ಖಾಲಿ ಉಳಿಯುವ ಕಾರಣಗಳು ಕಾಲೇಜಿನ ಕೈಯಲ್ಲಿರಲಿಲ್ಲ. ಈಗಾಗಲೇ ಪದವಿಯಿದ್ದವರು ಅದೇ ಮಟ್ಟದ ಇನ್ನೊಂದು ಪದವಿ ಓದಿದರೆ ಸಿಗುತ್ತಿದ್ದ ಸರ್ಕಾರಿ ಅನುದಾನವನ್ನು 2008ರಿಂದ ಇಂಗ್ಲೆಂಡ್ ಬಹುಮಟ್ಟಿಗೆ ನಿಲ್ಲಿಸಿತು. ಮದುವೆ, ಮಕ್ಕಳ ನಂತರ ಬೇರೆ ವೃತ್ತಿಗೆ ಹೊರಳಬೇಕೆಂದವರಿಗೇ ಇದು ಮೊದಲ ಪೆಟ್ಟು. 2012ರಲ್ಲಿ ಶುಲ್ಕದ ಮಿತಿ ವರ್ಷಕ್ಕೆ 9,000 ಪೌಂಡಿಗೆ ಏರಿತು. ಹದಿನೆಂಟರವರಿಗೆ ಆ ಸಾಲ ತೀರಿಸಲು ಇಡೀ ದುಡಿಮೆಯ ಕಾಲ ಮುಂದಿದೆ. ಮನೆ ಸಾಲವೂ ಇರುವ ನಲವತ್ತರವರು ಹಿಂಜರಿಯುತ್ತಾರೆ. ಇದಲ್ಲದೆ ಪದವಿ ವಿದ್ಯಾರ್ಥಿಗಳು ಟರ್ಮ್‌ನಲ್ಲಿ ಗ್ರೇಟ್ ಸೇಂಟ್ ಮೇರೀಸ್ ಚರ್ಚ್‌ನಿಂದ ಮೂರು ಮೈಲಿಯೊಳಗೆ ವಾಸಿಸಬೇಕು, ಆ ಅವಧಿಯಲ್ಲಿ ದುಡಿಮೆ ಕೂಡದು ಎಂಬುದು ರೂಢಿ. ದೂರದ ಲೀಡ್ಸ್ ಊರಿನಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುತ್ತಿರುವ ತಾಯಿಯನ್ನು ತಡೆಯುವುದು ಈ ನಿಯಮಗಳು. ಕಾಲೇಜು ಮಹಿಳೆಯರದ್ದೇ ಆಗಿ ಉಳಿದ ಮಾತ್ರಕ್ಕೆ ಅವು ಸಡಿಲವಾಗುವುದಿಲ್ಲ.

ವಯಸ್ಸಿನ ನಿಯಮ ಉಳಿಸಿ ಗಂಡಸರನ್ನು ಮಾತ್ರ ಸೇರಿಸಬಹುದಿತ್ತಲ್ಲ ಎನ್ನುವವರಿದ್ದಾರೆ. ಹ್ಯೂಸ್ ಹಾಲ್, ವುಲ್ಫ್‌ಸನ್, ಸೇಂಟ್ ಎಡ್ಮಂಡ್ಸ್ ಆಗಲೇ ಅಂಥ ಕಾಲೇಜುಗಳಾಗಿದ್ದವು. ಕಡಿಮೆಯಾಗುತ್ತಿದ್ದ ಅರ್ಜಿದಾರರಿಗಾಗಿ ನಾಲ್ಕನೆಯದೊಂದು ಪೈಪೋಟಿಗೆ ಇಳಿದಂತಾಗುತ್ತಿತ್ತು, ಅಷ್ಟೆ. ಅದರ ಬದಲು ಕೇಂಬ್ರಿಜ್ ಈಗಲೂ ಸಾಕಷ್ಟು ತಲುಪದ ಮಕ್ಕಳ ಕಡೆ ಕಾಲೇಜು ತಿರುಗಿತು. ಹೊಸ ವ್ಯವಸ್ಥೆಯ ಮೊದಲ ತಂಡಗಳಲ್ಲಿ ಬ್ರಿಟನ್ನಿನ ಪದವಿ ವಿದ್ಯಾರ್ಥಿಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಸರ್ಕಾರಿ ಶಾಲೆಗಳಿಂದ ಬಂದವರು. 21 ದಾಟಿದ ಮಹಿಳೆಗೆ ಪ್ರವೇಶ ಈಗಲೂ ಇದೆ.

ವಿರೋಧ: ಪ್ರವೇಶ ಇರುವುದೇ ಬೇರೆ, ನಿಭಾಯಿಸಲು ಆಗುವುದೇ ಬೇರೆ

‘ಪ್ರವೇಶ ಈಗಲೂ ಇದೆ’ ಎಂಬ ಮಾತು ಕಾಗದದ ಮೇಲೆ ನಿಜ. ತಡವಾಗಿ ಓದಿಗೆ ಮರಳಿದ ಹೆಣ್ಣುಮಗಳ ದಿನಚರಿ ನೋಡಿದರೆ ಅದರ ಬೆಲೆ ಗೊತ್ತಾಗುತ್ತದೆ.

ಕೇಂಬ್ರಿಜ್‌ನ ಟರ್ಮ್ ಎಂಟು ವಾರದ್ದು, ವರ್ಷಕ್ಕೆ ಮೂರು. ಕಲಾ ವಿಷಯಗಳಲ್ಲಿ ವಾರಕ್ಕೊಂದು, ಕೆಲವೊಮ್ಮೆ ಎರಡು ಪ್ರಬಂಧ ಬರೆಯಬೇಕು. ಇಂಗ್ಲೆಂಡಿನ ಶಾಲೆಗಳಿಗೆ ಅಕ್ಟೋಬರ್ ಕೊನೆಗೆ ಒಂದು ವಾರ ರಜೆ. ಅದು ಬೀಳುವುದು ಸರಿಯಾಗಿ ವರ್ಷದ ಮೊದಲ ಟರ್ಮ್ ಆದ ಮೈಕಲ್ಮಸ್‌ನ ನಡುವೆ. ಫೆಬ್ರವರಿಯ ರಜೆ ಎರಡನೆಯ ಟರ್ಮ್ ಆದ ಲೆಂಟ್‌ನ ನಡುವೆ. ಮೇ ಕೊನೆಯ ರಜೆಯಂತೂ ಟ್ರೈಪಾಸ್ ಪರೀಕ್ಷೆಗಳ ಹೊತ್ತಿಗೇ ಬರುತ್ತದೆ. ಮಗು ಮನೆಯಲ್ಲಿರುವ ವಾರವೇ ಅಮ್ಮನ ಪರೀಕ್ಷೆ. ಇದು ಪ್ರತಿ ವರ್ಷದ ಪಂಚಾಂಗ. ಸಂಜೆ ಐದು ಗಂಟೆಗೆ ಸೂಪರ್ವಿಷನ್ ಇಟ್ಟರೆ ಹದಿನೆಂಟರ ಹುಡುಗನಿಗೆ ಏನೂ ತೊಂದರೆಯಿಲ್ಲ, ಮಗುವನ್ನು ಕರೆತರಬೇಕಾದ ತಾಯಿಗೆ ಆ ಹೊತ್ತೇ ಆಗದು. ಎಲ್ಲರೂ 21 ದಾಟಿದ ಮಹಿಳೆಯರೇ ಇರುವ ಕಾಲೇಜಿನಲ್ಲಿ ಇಂಥ ಸಂಗತಿಗಳನ್ನು ಬಿಡಿಸಿ ಹೇಳಬೇಕಿಲ್ಲ. ವೇಳಾಪಟ್ಟಿ ಮಾಡುವಾಗಲೇ ನೆನಪಿರುತ್ತದೆ. ಆಕೆ ನೂರರಲ್ಲಿ ಕೆಲವರಲ್ಲೊಬ್ಬಳಾದಾಗ ಪ್ರತಿ ಸಲ ವಿನಂತಿ ಪತ್ರ ಬರೆಯಬೇಕು. ಕೇಳಿ ಕೇಳಿ ಸೋತವರು ಕೊನೆಗೆ ಕೇಳುವುದನ್ನೇ ಬಿಡುತ್ತಾರೆ, ಓದನ್ನೂ.

ಪ್ರವೇಶದ ಹಂತದಲ್ಲೇ ಇನ್ನೊಂದು ತೊಡಕಿದೆ. ತಡವಾಗಿ ಮರಳುವವರಲ್ಲಿ ಅನೇಕರ ಬಳಿ ನಮ್ಮ ಪಿಯುಸಿಯಂಥ ಎ-ಲೆವೆಲ್ ಇರುವುದಿಲ್ಲ, ಶಾಲೆ ಬಿಟ್ಟು ವರ್ಷಗಳಾದವರು ಪದವಿಗೆ ಸೇರಲೆಂದು ಓದುವ ‘ಆಕ್ಸೆಸ್’ ಡಿಪ್ಲೊಮಾ ಇರುತ್ತದೆ: ಒಟ್ಟು 60 ಕ್ರೆಡಿಟ್, ಅದರಲ್ಲಿ 45ಕ್ಕೆ ದರ್ಜೆ. ಆ ಅಂಕಪಟ್ಟಿ ಓದಲು ಕೈ ಪಳಗಿರಬೇಕು. ಯಾವ ಘಟಕಗಳಲ್ಲಿ ಡಿಸ್ಟಿಂಕ್ಷನ್ ಬಂದಿದೆ, ಅವು ಟ್ರೈಪಾಸ್‌ಗೆ ಬೇಕಾದವೇ ಎಂದು ನೋಡಬೇಕು. ವಿಜ್ಞಾನ, ಎಂಜಿನಿಯರಿಂಗ್‌ಗೆ ಬೇಕಾದಷ್ಟು ಗಣಿತ ಆ ಡಿಪ್ಲೊಮಾದಲ್ಲಿ ಎಷ್ಟೋ ಸಲ ಇರುವುದಿಲ್ಲ. ಅಂಥ ಅರ್ಜಿಯನ್ನು ತಳ್ಳಿಹಾಕದೆ, ‘ಎ-ಲೆವೆಲ್ ಗಣಿತ ಮುಗಿಸಿಕೊಂಡು ಮುಂದಿನ ವರ್ಷ ಬನ್ನಿ’ ಎಂದು ದಾರಿ ತೋರಿಸುವವರು ಬೇಕು. ಈ ತಿಳಿವಳಿಕೆ ಕಡತದಲ್ಲಿರುವುದಿಲ್ಲ, ಅರ್ಜಿ ಓದುವವರ ತಲೆಯಲ್ಲಿರುತ್ತದೆ. ಮೇಜಿನ ಮೇಲೆ ಬರುವ ಅರ್ಜಿಗಳಲ್ಲಿ ಬಹುಪಾಲು ಹದಿನೆಂಟರವರದೇ ಆದಾಗ ಅದು ಕೆಲವೇ ವರ್ಷಗಳಲ್ಲಿ ಮಸುಕಾಗುತ್ತದೆ. ಇವತ್ತು ಬ್ರಿಟನ್ನಿನ ಸಂಸದೆಯಾಗಿರುವ ವೈದ್ಯೆ ರೊಸೆನಾ ಅಲಿನ್-ಖಾನ್ ವೈದ್ಯಕೀಯ ಓದಿದ್ದು ಈ ಕಾಲೇಜಿನಲ್ಲೇ, ನೇರ ದಾರಿಯಲ್ಲಿ ಬಂದವರಲ್ಲ.

ವಯಸ್ಕರಿಗೆ ಬೇರೆ ಮೂರು ಕಾಲೇಜುಗಳಿವೆ ಎನ್ನುತ್ತಾರೆ. ಅವು ಗಂಡು ಹೆಣ್ಣು ಸೇರಿದ ಕಾಲೇಜುಗಳು. ಮಹಿಳೆಯರಿಗೆ ನ್ಯೂನಮ್, ಮರ್ರೇ ಎಡ್ವರ್ಡ್ಸ್ (ಹಿಂದಿನ ನ್ಯೂ ಹಾಲ್) ಇವೆ ಎನ್ನುತ್ತಾರೆ. ಅಲ್ಲಿ ಪದವಿ ಓದುವವರಲ್ಲಿ ಬಹುಪಾಲು ಶಾಲೆಯಿಂದ ನೇರ ಬಂದವರು. ಎರಡೂ ಒಟ್ಟಿಗೆ ಬೇಕಾದವಳಿಗೆ ಕೇಂಬ್ರಿಜ್‌ನಲ್ಲಿದ್ದದ್ದು ಇದೊಂದೇ. ಮನೆಯವರು ಮಹಿಳೆಯರ ವಸತಿಗೆ ಮಾತ್ರ ಒಪ್ಪುವ ಕುಟುಂಬಗಳಿವೆ. ಹಿಂಸೆಯ ಸಂಸಾರ ಬಿಟ್ಟು ಬಂದು, ಗಂಡಸರಿಲ್ಲದ ಮಹಡಿಯಲ್ಲಿ ಮಾತ್ರ ನಿದ್ದೆ ಹತ್ತುವವರಿದ್ದಾರೆ. ಇಂಥವರು ಅರ್ಜಿ ಹಾಕುತ್ತಾರೋ ಇಲ್ಲವೋ ಎಂಬುದೇ ವಸತಿಯ ಮೇಲೆ ನಿಂತಿರುತ್ತದೆ. ಅವರ ಸಂಖ್ಯೆ ದೊಡ್ಡದಲ್ಲ, ಯಾವ ಅಂಕಿಅಂಶದಲ್ಲೂ ಕಾಣುವುದಿಲ್ಲ. ಆದರೆ ಹೊರಗುಳಿದವರನ್ನು ಹುಡುಕುವುದೇ ಕೆಲಸ ಎಂದ ಕಾಲೇಜು ಇವರನ್ನು ಮೊದಲು ನೋಡಬೇಕಿತ್ತು.

ಫೆಲೋಗಳ ವಿಷಯವೂ ಮುಗಿದಿಲ್ಲ. ಕೇಂಬ್ರಿಜ್‌ನ ಪ್ರೊಫೆಸರ್ ಹುದ್ದೆಗಳಲ್ಲಿ ಮಹಿಳೆಯರು ಇಂದಿಗೂ ಅಲ್ಪಸಂಖ್ಯಾತರು.

ಹಣದ ಕಷ್ಟ ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎರಡೂ ನಿಯಮಗಳನ್ನು ಒಂದೇ ಏಟಿಗೆ ತೆಗೆದದ್ದರಿಂದ ಯಾವುದನ್ನು ಉಳಿಸಿಕೊಳ್ಳಬಹುದಿತ್ತು ಎಂದು ತಿಳಿಯುವ ದಾರಿಯೇ ಇಲ್ಲವಾಯಿತು. ಸ್ನಾತಕೋತ್ತರ ಸೀಟುಗಳನ್ನು ಮಾತ್ರ ಎಲ್ಲರಿಗೂ ಬಿಟ್ಟು, ಆ ಆದಾಯದಿಂದ ವಯಸ್ಕ ಮಹಿಳೆಯರ ಪದವಿ ವಿಭಾಗವನ್ನು ಕೆಲವು ವರ್ಷ ನಡೆಸಿ ನೋಡಬಹುದಿತ್ತು. ಈಗಲೂ ಮಾಡಬಹುದಾದದ್ದಿದೆ: 21 ದಾಟಿದ ಮಹಿಳೆಯರಿಗೆ ಪ್ರತಿ ವರ್ಷ ಇಂತಿಷ್ಟು ಪದವಿ ಸೀಟು ಮೀಸಲು, ಅವರಿಗೇ ಒಂದು ವಸತಿ ಕಟ್ಟಡ, ಆಕ್ಸೆಸ್ ಅರ್ಜಿಗಳನ್ನೆಲ್ಲ ಓದಲು ಪಳಗಿದ ಒಬ್ಬರೇ ಪ್ರವೇಶಾಧಿಕಾರಿ, ಮತ್ತು ಮೇ ಕೊನೆಯ ಶಾಲಾ ರಜೆಯ ವಾರದಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಕಾಲೇಜಿನದೇ ಖರ್ಚಿನ ವ್ಯವಸ್ಥೆ.